ನರಹರಿರಾಯರ ಹಸಿರು ದೀಪ

ನರಹರಿರಾಯರು ಯಾರ ಮಾತನ್ನೂ ನಂಬುವುದಿಲ್ಲ. ಇದನ್ನು ಅವರ ಬೆನ್ನ ಹಿಂದೆ ಹೇಳುವ ಅಗತ್ಯವೇ ಇಲ್ಲ, ಎದುರಿಗೆ ಹೇಳಿದರೂ ಅವರು ಮುನಿಯುವವರಲ್ಲ, ನೀವು ಹೇಳಿದ ವಾಕ್ಯವನ್ನೇ ಇನ್ನೊಮ್ಮೆ ನಿಮಗೆ ಒಪ್ಪಿಸಿ, "ಇದನ್ನೇ ಅಲ್ವಾ ನೀವು ಹೇಳಿದ್ದು?" ಎಂದು ಕೇಳಿ, ಹೌದೆಂದ ಮೇಲೆಯೇ ಸಮಾಧಾನದಿಂದ ತಲೆಯಾಡಿಸುವವರು. ಕೊಲ್ಕತ್ತದ ಗಾರ್ಡನ್ ರೀಚಿನ ರೈಲ್ವೆ ಕಚೇರಿಯ ಸಿಗ್ನಲ್ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಇಂಜಿನಿಯರು ಅವರು. ಒಂದು ಸ್ಟೇಷನ್ನಿನವರು ಮುಂದಿನ ಸ್ಟೇಷನ್ನಿನವರಿಗೆ ಫೋನಿನಲ್ಲಿ ‘ದಾರಿ ಖಾಲಿಯಿದೆ’ ಎಂದ ಮಾತ್ರಕ್ಕೆ ಗಾಡಿ ಬಿಡುವ ಪದ್ಧತಿ ರೈಲ್ವೆಯಲ್ಲಿಲ್ಲ; ಆ ಮಾತಿನ ಜೊತೆಗೆ ತಮ್ಮಲ್ಲಿ ಮಾತ್ರ ಇರುವ ಒಂದು ಗುಟ್ಟಿನ ಅಂಕೆಯನ್ನೂ ಹೇಳಬೇಕು, ಕೇಳಿದವರು ಅದನ್ನು ಬರೆದುಕೊಳ್ಳಬೇಕು, ಆಮೇಲಷ್ಟೇ ಹಸಿರು. ರಾಯರು ನಿವೃತ್ತರಾದರೂ ಈ ಪದ್ಧತಿ ಅವರನ್ನು ಬಿಟ್ಟು ಹೋಗಲಿಲ್ಲ. ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು, "ಗ್ಯಾಸ್ ಆರಿಸಿದ್ಯಾ?" ಎಂದು ಹೆಂಡತಿ ವನಮಾಲಾ ಅವರನ್ನು ಕೇಳುತ್ತಾರೆ. "ಆರಿಸಿದ್ದೇನೆ" ಎಂಬ ಉತ್ತರ ಸಾಲದು, "ನಂಬರ್?" ಎನ್ನುತ್ತಾರೆ. ಒಳಗಿನಿಂದ ಆಕೆ, "ಐವತ್ತೆಂಟು! ಸಾಕಾ? ಇನ್ನು ಹೊರಡಿ ಮಾರಾಯ್ರೆ" ಎಂದು ಕೂಗುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದು ಬಾಯಿಗೆ ಬಂದ ಅಂಕೆ ಎಂದು ಇಬ್ಬರಿಗೂ ಗೊತ್ತು. ಆದರೆ ಅಂಕೆ ಹೇಳುವ ಮೊದಲು ಆಕೆ ಒಮ್ಮೆ ಒಲೆಯ ಕಡೆ ತಿರುಗಿ ನೋಡುತ್ತಾರಲ್ಲ, ರಾಯರಿಗೆ ಬೇಕಾದದ್ದು ಆ ನೋಟ.

ಅವರ ನಡಿಗೆಯೇ ಅವರ ಕಸುಬನ್ನು ಸಾರುತ್ತದೆ. ಹಳಿಗಳ ನಡುವಿನ ಅಡ್ಡಪಟ್ಟಿಗಳ ಮೇಲೆ ಕಾಲಿಟ್ಟು ನಡೆದು ನಡೆದು ಅವರ ಹೆಜ್ಜೆ ಒಂದೇ ಅಳತೆಗೆ ಒಗ್ಗಿಹೋಗಿದೆ. ಗರಿಯಾಹಾಟಿನ ಫುಟ್‌ಪಾತಿನಲ್ಲಿ, ಒಂದು ಮಗ್ಗುಲಲ್ಲಿ ಸೀರೆಯಂಗಡಿ, ಇನ್ನೊಂದು ಮಗ್ಗುಲಲ್ಲಿ ಬಳೆ ಬಾಚಣಿಗೆಯ ಹರವು, ನಡುವೆ ಉಳಿದ ಗೇಣಗಲ ಜಾಗದಲ್ಲಿ ಊರಿಗೆ ಊರೇ ಮೈ ಒರೆಸಿಕೊಂಡು ಸಾಗುವಾಗಲೂ, ರಾಯರು ಮಾತ್ರ ಎಡಬಲಕ್ಕೆ ಬಾಗದೆ, ಹೆಜ್ಜೆಯ ಅಳತೆಯನ್ನು ಕೆಡಿಸದೆ ನೇರ ನಡೆದು ಬರುತ್ತಾರೆ. ಎದುರಿನವರೇ ಯಾಕೋ ದಾರಿ ಬಿಡುತ್ತಾರೆ. ಮೈಮೇಲೆ ಇಲ್ಲವೇ ತೋಳಿನ ಮೇಲೆ ಸದಾ ಆ ನೀಲಿ ಉಣ್ಣೆಯ ಕೋಟು. ಕೊಲ್ಕತ್ತದ ಚಳಿ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗುವಂಥದ್ದು, ಕೋಟು ಮಾತ್ರ ಬೇಸಗೆಯ ಬೆವರಿನಲ್ಲೂ ಅವರನ್ನು ಅಗಲುವುದಿಲ್ಲ. ಅದರ ಜೇಬುಗಳಲ್ಲಿ ಸ್ಕ್ರೂಡ್ರೈವರು, ಟೆಸ್ಟರು, ತಂತಿಯ ತುಂಡು, ಕಪ್ಪು ಟೇಪು, ಮತ್ತು ಇವೆಲ್ಲದರ ನಡುವೆ ಹೇಗೋ ಬದುಕಿ ಉಳಿದ ಒಂದು ಅಡಿಕೆಯ ಪೊಟ್ಟಣ. ಸೆಕೆಯಲ್ಲಿ ಕೋಟೇಕೆ ಎಂದು ನಾನೊಮ್ಮೆ ಚುಡಾಯಿಸಿದ್ದಕ್ಕೆ, "ಚಳಿಗಲ್ಲ ಮಾರಾಯ್ರೆ, ಜೇಬಿಗೆ" ಎಂದಿದ್ದರು.

ಇಂಥವರು ನಮ್ಮ ಬಾನುಲಿಯ ಪಾಲಿಗೆ ಒದಗಿಬಂದ ಕಥೆಯನ್ನು ಹೇಳಬೇಕು. ಗರಿಯಾಹಾಟಿನ ಹತ್ತಿರದ ಒಂದು ಗಲ್ಲಿಯಲ್ಲಿ, ಉಡುಪಿ ಕಡೆಯವರೊಬ್ಬರ ಹೋಟೆಲಿನ ಮಹಡಿಯ ಮೇಲೆ, ನಾವು ಕೆಲವರು ಕನ್ನಡಿಗರು ಸೇರಿ ‘ಹೂಗ್ಲಿ ಬಾನುಲಿ’ ಎಂಬ ಇಂಟರ್‌ನೆಟ್ ರೇಡಿಯೋ ನಡೆಸುತ್ತೇವೆ. ಬೀದಿಯ ಕಡೆಗೆ ಮಾತಾಡುವ ಕೋಣೆ. ಗಾಜಿನ ಆಚೆ, ಒಳಮಗ್ಗುಲಿಗೆ, ಯಂತ್ರಗಳ ಕೋಣೆ. ಯಂತ್ರಗಳ ಅಧಿಪತಿ ಹೋಟೆಲಿನ ಯಜಮಾನರ ಮಗ ಶ್ರೀಶ; ಸಾಲ್ಟ್ ಲೇಕಿನಲ್ಲಿ ಒಳ್ಳೆಯ ಕೆಲಸದಲ್ಲಿರುವ, ಇಲ್ಲಿಯೇ ಹುಟ್ಟಿ ಬೆಳೆದ ಗೃಹಸ್ಥ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಇಂಗ್ಲಿಷಿನ ಬಸ್ಸು ಹತ್ತಿಬಿಡುತ್ತಾನೆ. ಮಾತಾಡುವ ಕೋಣೆಯ ಒಡತಿ ಇಂದಿರಮ್ಮ.

ಇಂದಿರಮ್ಮ ಅರಸೀಕೆರೆಯ ಸ್ಟೇಷನ್ ಮಾಸ್ತರರೊಬ್ಬರ ಮಗಳು. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದು, ಮದುವೆಯಾಗಿ ಕೊಲ್ಕತ್ತಕ್ಕೆ ಬಂದು, ಇಲ್ಲಿಯವರೇ ಆಗಿಹೋದವರು. ಪ್ರತಿ ಭಾನುವಾರ ಬೆಳಿಗ್ಗೆ ಅವರು ನಡೆಸುವ ‘ಅಂಗಳ’ ಎಂಬ ನೇರ ಕಾರ್ಯಕ್ರಮಕ್ಕೆ ಖರಗ್‌ಪುರದಿಂದ, ರೂರ್ಕೆಲಾದಿಂದ, ಗುವಾಹಟಿಯಿಂದ ಕರೆ ಬರುತ್ತದೆ. ವಾರವಿಡೀ ಹಿಂದಿಯಲ್ಲಿ, ಬಂಗಾಳಿಯಲ್ಲಿ ಬದುಕಿ, ಈ ಒಂದು ಹೊತ್ತು ತಮ್ಮ ಊರಿನ ಕನ್ನಡವನ್ನು ಬಾಯ್ತುಂಬ ಆಡಬೇಕೆಂದು ಕಾಯುವ ಜೀವಗಳು ಅವು. ಪತಿ ತೀರಿಕೊಂಡ ಮೇಲೆ ಇಂದಿರಮ್ಮನವರಿಗೂ ವಾರವೆಂದರೆ ಆ ಭಾನುವಾರವೇ. ಅಂಥವರ ಕಿವಿ ಮಂದವಾಗತೊಡಗಿತು. ಕಿವಿಗೆ ಯಂತ್ರ ಹಾಕಿಸಿಕೊಂಡರು. ಎದುರಿಗೆ ಕೂತವರ ಮಾತು ತಿಳಿಯುತ್ತಿತ್ತು, ಹೆಡ್‌ಫೋನಿನಲ್ಲಿ ಬರುವ ದೂರದ ಧ್ವನಿ ಮಾತ್ರ ಕಲಸುಮೇಲೋಗರ. ಕರೆ ಮಾಡಿದವರು ಫೋನ್ ಇಟ್ಟ ಮೇಲೂ ಇವರು ಅವರ ಕುಶಲ ವಿಚಾರಿಸುತ್ತಲೇ ಇರುತ್ತಿದ್ದರು.

ಸಮಿತಿ ಸೇರಿತು. ಸಮಿತಿಗಳಿಗೆ ಕಷ್ಟ ಬಂದಾಗ ಹೊಳೆಯುವ ಉಪಾಯ ಒಂದೇ, ಕಷ್ಟದಲ್ಲಿರುವವರನ್ನು ಮರ್ಯಾದೆಯಿಂದ ಪಕ್ಕಕ್ಕೆ ಸರಿಸುವುದು. ಇನ್ನು ಮುಂದೆ ನೇರ ಪ್ರಸಾರ ಬೇಡ, ಮೊದಲೇ ರೆಕಾರ್ಡ್ ಮಾಡಿ ಹಾಕೋಣ ಎಂದರು.

"ರೆಕಾರ್ಡಿಗೆ ನಾನ್ಯಾಕ್ರೀ ಬೇಕು?" ಎಂದರು ಇಂದಿರಮ್ಮ. "ಆ ಕಡೆಯಿಂದ ಮಾತಾಡೋರಿಲ್ದೇ ಇದ್ರೆ ನನಗೆ ಮಾತೇ ಹುಟ್ಟಲ್ಲ." ಅವರ ಕಣ್ಣು ತುಂಬಿತ್ತು.

ಹಿಂದಿನ ಕುರ್ಚಿಯಿಂದ ನೀಲಿ ಕೋಟು ಎದ್ದು ನಿಂತಿತು. "ಕಿವಿ ಸರಿ ಇಲ್ಲ, ಹಾಗಾಗಿ ಲೈವ್ ಆಗುವುದಿಲ್ಲ. ಇದನ್ನೇ ಅಲ್ವಾ ನೀವು ಹೇಳಿದ್ದು?" ಹೌದೆಂದರು ಸಮಿತಿಯವರು. "ಗಾಡಿಯ ಈ ತುದಿಯಲ್ಲಿ ಡ್ರೈವರು, ಆ ತುದಿಯಲ್ಲಿ ಗಾರ್ಡು. ಮಧ್ಯದಲ್ಲಿ ಅಷ್ಟು ಡಬ್ಬಿ, ಅಷ್ಟು ಶಬ್ದ. ಅವರು ಕಿವಿಯಿಂದ ಮಾತಾಡ್ತಾರಾ? ಇವರಿಗೆ ಕಣ್ಣುಂಟಲ್ಲ. ನನಗೆ ಪೂಜೆಯ ತನಕ ಟೈಮ್ ಕೊಡಿ." ದುರ್ಗಾಪೂಜೆಯ ಅಷ್ಟಮಿಯಂದು ವಿಶೇಷ ‘ಅಂಗಳ’, ಅದು ಸರಿಹೋದರೆ ಇಂದಿರಮ್ಮ ಇದ್ದಲ್ಲೇ ಇರುವುದು, ಸರಿಹೋಗದಿದ್ದರೆ ರೆಕಾರ್ಡಿಂಗು, ಎಂದು ತೀರ್ಮಾನವಾಯಿತು.

ಅಂದಿನಿಂದ ರಾಯರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಎಸ್ಪ್ಲನೇಡಿನಲ್ಲಿ ಮೆಟ್ರೋ ಇಳಿದು, ಚಾಂದನಿಯ ಇಕ್ಕಟ್ಟಿನ ಎಲೆಕ್ಟ್ರಿಕ್ ಅಂಗಡಿಗಳಿಗೆ ಹೊಕ್ಕು, ಬೆಂಕಿಪೊಟ್ಟಣದಷ್ಟು ಸಣ್ಣ ವೈಫೈ ಬೋರ್ಡುಗಳನ್ನು, ಬಣ್ಣಬಣ್ಣದ ಎಲ್‌ಇಡಿಗಳನ್ನು ಒಂದೊಂದಾಗಿ ಉರಿಸಿ ನೋಡಿ ತಂದರು. ಉರಿಯುತ್ತದೆ ಎಂದು ಅಂಗಡಿಯವನು ಆಣೆ ಹಾಕಿದರೂ ಕೇಳಲಿಲ್ಲ. ದೀಪದ ಗೂಡಿಗೆ ಅವರು ಆರಿಸಿಕೊಂಡದ್ದು ಶ್ರೀಶನ ತಂದೆಯ ಹೋಟೆಲಿನಲ್ಲಿ ನೆಗ್ಗಿ ಮೂಲೆ ಸೇರಿದ್ದ ಕಾಫಿಯ ಸ್ಟೀಲ್ ಲೋಟಗಳನ್ನು. ತಳ ಕತ್ತರಿಸಿದ ಲೋಟದೊಳಗೆ ದೀಪ ಕೂರಿಸಿದರೆ ಬೆಳಕು ನೇರ ಎದುರಿನವರಿಗಷ್ಟೇ ಕಾಣುತ್ತದೆ, ಪಕ್ಕದವರ ಕಣ್ಣಿಗೆ ಹೊಡೆಯುವುದಿಲ್ಲ. ಮಾತಾಡುವ ಮೇಜಿಗೊಂದು, ಬಾಗಿಲ ಹೊರಗೊಂದು, ಯಂತ್ರಗಳ ಕೋಣೆಗೊಂದು. ಕೆಳಗಿನ ಅಡುಗೆಮನೆಗೂ ಒಂದು, ಕಾರ್ಯಕ್ರಮದ ಹೊತ್ತಿನಲ್ಲಿ ಭಟ್ಟರು ಗ್ರೈಂಡರ್ ಹಾಕದಿರಲೆಂದು. ಇಂದಿರಮ್ಮನ ಎದುರಿಗೆ ಒಂದು ಹಳೆಯ ಟ್ಯಾಬ್. ಕರೆ ಮಾಡಿದವರ ಹೆಸರು, ಊರು, ಅವರು ಹೇಳುತ್ತಿರುವ ಮಾತಿನ ಸಾರ, ಇವನ್ನು ಶ್ರೀಶ ಆ ಕೋಣೆಯಿಂದ ಟೈಪು ಮಾಡಿದಂತೆ ಅದರಲ್ಲಿ ದಪ್ಪಕ್ಷರದಲ್ಲಿ ಮೂಡುತ್ತದೆ; ಅಡಿಯಲ್ಲಿ ಒಂದು ಬೆಳಕಿನ ಪಟ್ಟಿ, ಆ ಕಡೆಯ ಧ್ವನಿ ಏರಿದರೆ ಏರುತ್ತದೆ, ನಿಂತರೆ ನಿಲ್ಲುತ್ತದೆ. ಗೂಡು, ತಂತಿ, ಬೆಸುಗೆ ರಾಯರದು. ಅವೆಲ್ಲ ಒಂದಕ್ಕೊಂದು ಮಾತಾಡುವ ಪ್ರೋಗ್ರಾಮು ಶ್ರೀಶನದು.

ಮೊದಲ ಪ್ರಯೋಗದ ಭಾನುವಾರ ನಾನೂ ರಾಯರೂ ಯಂತ್ರಗಳ ಕೋಣೆಯಲ್ಲಿ ಶ್ರೀಶನ ಪಕ್ಕ ನಿಂತಿದ್ದೆವು. ಶ್ರೀಶ ಗುಂಡಿ ಒತ್ತಿದ. ಇಂದಿರಮ್ಮನ ಎದುರಿನ ಲೋಟದಲ್ಲಿ ಕೆಂಪು ಬೆಳಗಿತು. ನಮಸ್ಕಾರಕ್ಕೆಂದು ತೆರೆದ ಬಾಯನ್ನು ಅವರು ಹಾಗೆಯೇ ಮುಚ್ಚಿಕೊಂಡರು. ಶ್ರೀಶ ಕೈ ಬೀಸಿದ. ಅವರು ದೀಪವನ್ನು ತೋರಿಸಿದರು. ಅವನು ಗಾಜಿಗೆ ಮೂಗು ಒತ್ತಿ "ಬೋಲಿಯೇ ಆಂಟಿ, ಬೋಲಿಯೇ!" ಎಂದು ಬಾಯಾಡಿಸಿದ, ಅವರು ತಾಳು ಎಂದು ಅಂಗೈ ಎತ್ತಿದರು. ನಮ್ಮ ರಾಯರಂತೂ "ಸರಿಯಾಗಿಯೇ ನಿಂತಿದ್ದಾರಲ್ಲ, ನಿನಗೆ ಎಂತ ಅವಸರ?" ಎಂದು ಅವನನ್ನೇ ಗದರಿಸಿದರು. ಆರು ಊರುಗಳ ಕನ್ನಡಿಗರು ಅಷ್ಟೂ ಹೊತ್ತು ಮೌನವನ್ನು ಆಲಿಸಿದರು. ಕೊನೆಗೆ ಶ್ರೀಶ, ಮೊದಲಿಂದ ಶುರುಮಾಡೋಣವೆಂದು ಪ್ರಸಾರವನ್ನೇ ನಿಲ್ಲಿಸಿದ. ದೀಪ ಹಸಿರಾಯಿತು. ಇಂದಿರಮ್ಮನ ಮುಖ ಅರಳಿತು. ನಮಸ್ಕಾರ ಹೇಳಿ, ಊರೂರಿನ ಕುಶಲ ಕೇಳಿ, ಗೌರಿಹಬ್ಬದ ಬಾಗಿನದ ನೆನಪಿನಿಂದ ಹಿಡಿದು ಬಂಗಾಳದ ತಾಳೆಹಣ್ಣಿನ ವಡೆಯವರೆಗೆ ಸೊಗಸಾದ ಪೀಠಿಕೆ ಹಾಕಿದರು. ಅದನ್ನು ಕೇಳಿದ್ದು ಆ ಕೋಣೆಯ ನಾಲ್ಕು ಗೋಡೆ.

ಆಗಿದ್ದಿಷ್ಟೇ. ಸ್ಟುಡಿಯೋಗಳಲ್ಲಿ ಕೆಂಪು ದೀಪವೆಂದರೆ ಪ್ರಸಾರ ನಡೆದಿದೆ, ಮಾತಾಡಿ ಎಂದು ಲೋಕರೂಢಿ. ಶ್ರೀಶ ಹಾಗೆಯೇ ಬರೆದಿದ್ದ. ರೈಲ್ವೆಯವರಿಗೆ ಕೆಂಪೆಂದರೆ ನಿಲ್ಲು. ಅದು ಸ್ಟೇಷನ್ ಮಾಸ್ತರರ ಮಗಳಿಗೂ ಸಿಗ್ನಲ್ ಇಂಜಿನಿಯರಿಗೂ ಹಾಲಿನ ಜೊತೆ ಇಳಿದ ಪಾಠ. ಗ್ಯಾಸಿಗೂ ನಂಬರ್ ಕೇಳುವ ನಮ್ಮ ರಾಯರಿಗೆ ಬಣ್ಣದ ವಿಷಯವನ್ನು ಕೇಳಬೇಕೆಂದು ಹೊಳೆದಿರಲೇ ಇಲ್ಲ. ನೀರು ಒದ್ದೆಯೇ ಎಂದು ಯಾರಾದರೂ ಕೇಳುತ್ತಾರೆಯೇ!

"ಕಿವಿ ಹೋಯ್ತು ಅಂತಿದ್ರು, ಈಗ ಬುದ್ಧೀನೂ ಹೋಯ್ತು ಅಂತಾರೆ," ಎಂದರು ಇಂದಿರಮ್ಮ, ಹೆಡ್‌ಫೋನ್ ತೆಗೆದಿಡುತ್ತಾ. "ಸಾಕು ರಾಯರೇ, ನನ್ನ ಬಿಟ್ಬಿಡಿ." ಕಂಬಿ ಹಿಡಿದು ಮೆಟ್ಟಿಲಿಳಿದು ಹೋದರು. ನನಗೆ ಅಷ್ಟು ಸಂಕಟವಾದದ್ದು ಅಪರೂಪ.

ಮೇಲೆ ದೊಡ್ಡ ವಾಗ್ವಾದ ನಡೆಯಿತು. "ಅಂಕಲ್, ಆನ್ ಏರ್ ಅಂದ್ರೆ ರೆಡ್. ಹೋಲ್ ವರ್ಲ್ಡ್ ಹಾಗೇ ಮಾಡ್ತಾರೆ," ಎಂದ ಶ್ರೀಶ.

"ಇಡೀ ಪ್ರಪಂಚ ಹಾಗೇ ಮಾಡ್ತದೆ. ಇದನ್ನೇ ಅಲ್ವಾ ನೀನು ಹೇಳಿದ್ದು? ಕೆಂಪು ತೋರಿಸಿ ಹೋಗು ಅಂತ ಹೇಳುವುದಾ? ಎಂತ ಮಾರಾಯ ನೀನು!"

ಇಬ್ಬರೂ ಹಟಮಾರಿಗಳು, ಹಗ್ಗವೂ ಹರಿಯಲಿಲ್ಲ, ಕೋಲೂ ಮುರಿಯಲಿಲ್ಲ. ಕಡೆಗೆ ನಾನೇ ಇಬ್ಬರನ್ನೂ ಎಳೆದುಕೊಂಡು ಹೋಗಿ ಗಲ್ಲಿಯ ತುದಿಯಲ್ಲಿ ಮಣ್ಣಿನ ಕುಡಿಕೆಯ ಚಹಾ ಕುಡಿಸಿದೆ. ರಾಯರು ಅರ್ಧ ಚಹಾ ಮುಗಿಸಿ ನಿಧಾನವಾಗಿ ಹೇಳಿದರು: "ನೀನು ಹೇಳುವುದೂ ಸರಿ ಉಂಟು. ಬಾಗಿಲ ಹೊರಗಿದ್ದವನಿಗೆ ಕೆಂಪೇ ಬೇಕು, ಒಳಗೆ ಬರಬಾರದು ಅವನು. ಮೇಜಿನ ಮುಂದೆ ಕೂತವರಿಗೆ ಹಸಿರು ಬೇಕು, ಹೊರಡಬೇಕು ಅವರು. ದೀಪ ಯಾರ ಮುಖ ನೋಡ್ತದೋ ಅವರಿಗೆ ಬೇಕಾದ್ದು ಹೇಳಬೇಕು." ಶ್ರೀಶ ಅವರ ಮುಖವನ್ನೇ ನೋಡಿ, "ಟೂ ಲೈನ್ಸ್ ಕೋಡ್ ಅಂಕಲ್, ಅಷ್ಟೇ" ಎಂದು ನಕ್ಕುಬಿಟ್ಟ.

ರಾಯರಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಅವರನ್ನು ಕಾಡಿದ್ದು ಬಣ್ಣಕ್ಕಿಂತ ದೊಡ್ಡ ಪ್ರಶ್ನೆ: ಗುಂಡಿ ಒತ್ತಿದ ಮಾತ್ರಕ್ಕೆ ಮಾತು ಹೊರಗೆ ಹೋಯಿತೆಂದು ದೀಪ ಹೇಗೆ ಹೇಳುತ್ತದೆ? ಸಿಗ್ನಲ್ಲಿನ ಧರ್ಮವೇ ಬೇರೆ. ಸನ್ನೆಕೋಲು ಎಳೆದದ್ದನ್ನಲ್ಲ, ಹಳಿ ನಿಜವಾಗಿ ಸರಿದು ಕೂತದ್ದನ್ನು ಅದು ತೋರಿಸಬೇಕು. ಹಾಗಾಗಿ ಗಾರ್ಡನ್ ರೀಚಿನ ತಮ್ಮ ಮನೆಯಲ್ಲಿ ಒಂದು ಹಳೆಯ ಫೋನನ್ನು ಬಾನುಲಿಗೆ ಕಿವಿಗೊಡಲು ಕೂರಿಸಿದರು. ಇಲ್ಲಿ ಶ್ರೀಶ ಗುಂಡಿ ಒತ್ತಿದರೆ ಮೇಜಿನ ದೀಪ ಹಳದಿ. ಆರಂಭದ ಸಂಗೀತ ಇಂಟರ್‌ನೆಟ್ ಸುತ್ತಿಕೊಂಡು ಹೋಗಿ ಆ ಫೋನಿನ ಕಿವಿಗೆ ಬಿದ್ದು, ಅದು ‘ಕೇಳಿಸಿತು’ ಎಂದು ಸುದ್ದಿ ಕಳಿಸಿದ ಮೇಲಷ್ಟೇ ಹಸಿರು. ಸುದ್ದಿ ನಿಂತರೆ, ಯಾವ ಕಾರಣಕ್ಕೇ ನಿಲ್ಲಲಿ, ದೀಪ ತಾನಾಗಿ ಕೆಂಪಿಗೆ ಬೀಳುತ್ತದೆ.

ಇದೆಲ್ಲ ಸಿದ್ಧವಾದ ಮೇಲೆ ಅವರು ಇಂದಿರಮ್ಮನ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಆಕೆ ಕಾಫಿ ಕೊಟ್ಟರು, ಬಾನುಲಿಯ ಮಾತೆತ್ತಲಿಲ್ಲ. ರಾಯರು ಎದುರಿಗೆ ಕೂತು, ತುಟಿಯ ಚಲನೆ ಕಾಣುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: "ತಪ್ಪು ದೀಪದ್ದು. ಕೆಂಪಿಗೆ ನೀವು ನಿಂತಿರಲ್ಲ, ನಿಂತದ್ದೇ ಸರಿ." ಇಂದಿರಮ್ಮ ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ, "ನಮ್ಮಪ್ಪ ಇದ್ದಿದ್ರೂ ಇದನ್ನೇ ಹೇಳೋರು ಕಣ್ರೀ" ಎಂದರು. ಅಷ್ಟಮಿಗೆ ಬರುತ್ತೇನೆ ಎಂದು ಹೇಳಲಿಲ್ಲ. ಯಾವ ಸೀರೆ ಉಡಲಿ ಎಂದು ಕೇಳಿದರು.

ಅಷ್ಟಮಿಯ ಬೆಳಿಗ್ಗೆ ಬಂತು. ಬೀದಿಯ ಕಡೆಯ ಕೋಣೆ ಎಂದೆನಲ್ಲ, ಆ ಬೀದಿಯಲ್ಲಿ, ನಮ್ಮ ಕಿಟಕಿಯ ಕೆಳಗೇ ಪಾಡಾದವರ, ಅಂದರೆ ನಮ್ಮ ಓಣಿಯವರ, ಪೂಜೆಯ ಪೆಂಡಾಲು. ‘ಅಂಗಳ’ದ ಹೊತ್ತಿಗೂ ಪುಷ್ಪಾಂಜಲಿಯ ಹೊತ್ತಿಗೂ ಸರಿಯಾಗಿ ಕೂಡಿಬಂತು, ಸಾಲಾಗಿ ನಿಂತ ಢಾಕಿಗಳು ಡೋಲಿಗೆ ಕೋಲು ಕೊಟ್ಟರು ನೋಡಿ, ಗಾಜು ಅದುರಿತು, ಮೇಜು ಅದುರಿತು, ನನ್ನ ಎದೆಯ ಗೂಡೂ ಅದುರಿತು. ಆ ದಿನ ಒಂದು ಪ್ರಬಂಧ ಓದಲು ಇಂದಿರಮ್ಮನ ಪಕ್ಕದಲ್ಲಿ ಕೂತಿದ್ದ ನನಗೆ ಹೆಡ್‌ಫೋನಿನಲ್ಲಿ, ಆ ಸದ್ದು ಅಷ್ಟಾಗಿ ಮುಟ್ಟದ ಒಳಕೋಣೆಯಲ್ಲಿದ್ದ ಶ್ರೀಶನ ಒಂದಕ್ಷರವೂ ಕೇಳಿಸದು. ಶುರುವಾಯಿತೇ, ಇಲ್ಲವೇ, ಯಾರು ಕರೆ ಮಾಡಿದ್ದಾರೆ, ಏನೆನ್ನುತ್ತಿದ್ದಾರೆ? ನಾನು ಕಕ್ಕಾಬಿಕ್ಕಿ. ಇಂದಿರಮ್ಮ ಮಾತ್ರ ಕೆಂಪಂಚಿನ ಬಿಳಿ ಸೀರೆಯುಟ್ಟು, ಕೈ ಕಟ್ಟಿ, ಹಳದಿ ದೀಪವನ್ನು ನೋಡುತ್ತಾ ಕೂತಿದ್ದರು. ಹಸಿರಾಯಿತು. "ಎಲ್ಲಾರಿಗೂ ನಮಸ್ಕಾರ. ಹಿಂದುಗಡೆ ಕೇಳ್ತಿದೆಯಲ್ಲ, ಅದು ನಮ್ಮ ಕೊಲ್ಕತ್ತದ ಢಾಕು. ತಾಯಿ ಬಂದಿದಾಳೆ, ಸದ್ದು ಮಾಡ್ದೆ ಬರ್ತಾಳಾ?" ಎಂದು ಶುರುಮಾಡಿಯೇಬಿಟ್ಟರು. ಕಿವಿಯಿದ್ದವರೆಲ್ಲ ಕಿವುಡರಾದ ಆ ಹೊತ್ತಿನಲ್ಲಿ, ಕಣ್ಣಿನಿಂದ ಕೇಳುವುದನ್ನು ಕಲಿತಿದ್ದ ಆ ಒಬ್ಬ ಹೆಂಗಸು ಕಾರ್ಯಕ್ರಮವನ್ನು ಒಂದು ಎಳೆ ತಪ್ಪದಂತೆ ನಡೆಸಿಕೊಂಡು ಹೋದರು. ರಾಯರು ಮೂಲೆಯಲ್ಲಿ, ಕೋಟಿನ ಜೇಬಿನಲ್ಲಿ ಕೈಯಿಟ್ಟು, ದೀಪದಿಂದ ಕಣ್ಣು ಕೀಳದೆ ನಿಂತಿದ್ದರು.

ನಡುವೆ, ನಾನು ಪ್ರಬಂಧ ಓದುತ್ತಿದ್ದಾಗ, ಇಂದಿರಮ್ಮ ಫಕ್ಕನೆ ನನ್ನ ಹಾಳೆಯ ಮೇಲೆ ಅಂಗೈಯಿಟ್ಟರು. ತಲೆಯೆತ್ತಿದರೆ ದೀಪ ಕೆಂಪು. ಪೆಂಡಾಲಿನ ಸರದೀಪ ಬಿಗಿಯುವವರು ಕಂಬದ ಮೇಲೆ ನಮ್ಮ ಇಂಟರ್‌ನೆಟ್ಟಿನ ತಂತಿಯನ್ನೂ ಜಗ್ಗಿದ್ದರೆಂದು ಆಮೇಲೆ ತಿಳಿಯಿತು. ಮೊದಲಿನಂತಿದ್ದರೆ ಕೊನೆಯವರೆಗೂ ಶೂನ್ಯಕ್ಕೇ ಓದಿ, ಚೆನ್ನಾಗಿ ಓದಿದೆನೆಂದು ಹಿಗ್ಗಿ ಮನೆಗೆ ಹೋಗುತ್ತಿದ್ದೆ. ಶ್ರೀಶ ಮೊಬೈಲಿನ ನೆಟ್‌ವರ್ಕಿಗೆ ಬದಲಿಸಿ ಸಂಗೀತ ಹಾಕಿದ, ಹಳದಿ, ಹಸಿರು. "ತಂತಿ ಒಂದು ಸ್ವಲ್ಪ ಪೂಜೆಗೆ ಹೋಗಿತ್ತು, ವಾಪಸ್ ಬಂತು," ಎಂದು ಇಂದಿರಮ್ಮ ನನ್ನ ಪ್ರಬಂಧದ ಕಡಿದ ವಾಕ್ಯವನ್ನು ತಾವೇ ಹಿಡಿದು ನನ್ನ ಕೈಗೆ ಕೊಟ್ಟರು.

ಕೊನೆಯ ಕರೆ ಖರಗ್‌ಪುರದಿಂದ ಚೆನ್ನಮ್ಮ ಎಂಬ ಧಾರವಾಡದ ಕಡೆಯ ಮುದುಕಿಯದು. ತಾನೊಂದು ಹಸೆಯ ಹಾಡು ಹೇಳಬೇಕೆಂದು ಆಕೆ ಕೇಳಿಕೊಂಡದ್ದು ಟ್ಯಾಬಿನಲ್ಲಿ ಮೂಡಿತು. ಇಂದಿರಮ್ಮ "ಹೇಳೀಮ್ಮಾ" ಎಂದರು. ಬೆಳಕಿನ ಪಟ್ಟಿ ಮೆಲ್ಲಗೆ ಏರಿತು, ಇಳಿಯಿತು, ಸಾಲಿನ ಕೊನೆಗೆ ನಡುಗಿ ನಿಂತು ಮತ್ತೆ ಏರಿತು. ಆ ಹಾಡಿನ ಒಂದು ಸ್ವರವೂ ಇಂದಿರಮ್ಮನಿಗೆ ಕೇಳಿಸಲಿಲ್ಲ. ಪಟ್ಟಿಯನ್ನು ನೋಡುತ್ತಾ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಹೋದರು, ತಾಳ ತಪ್ಪಲಿಲ್ಲ. ಪಟ್ಟಿ ಇಳಿದು ಪೂರ್ತಿ ಆರಿದ ಆ ಕ್ಷಣಕ್ಕೆ ಸರಿಯಾಗಿ, ಒಂದು ಚಣ ಮುಂಚೆಯಲ್ಲ, ಒಂದು ಚಣ ತಡವಲ್ಲ, "ಆಹಾ! ಎಷ್ಟು ಚೆನ್ನಾಗಿ ಉಸಿರು ಹಿಡೀತೀರಿ ತಾಯೀ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಮೂಲೆಯ ಕಡೆ ನೋಡಿದೆ. ರಾಯರು ಆ ದಿನ ಮೊದಲ ಬಾರಿಗೆ ದೀಪವನ್ನು ಬಿಟ್ಟು ಇಂದಿರಮ್ಮನ ಮುಖವನ್ನು ನೋಡುತ್ತಿದ್ದರು.

ಸಮಿತಿ ಮತ್ತೆ ಆ ಮಾತೆತ್ತಲಿಲ್ಲ. ಭಾನುವಾರದ ಕುರ್ಚಿ ಇಂದಿರಮ್ಮನದೇ ಆಗಿ ಉಳಿದಿದೆ, ಕರೆಗಳು ಹೆಚ್ಚಾಗಿವೆ. ಬೇರೆ ಊರಿನ ಎರಡು ಬಾನುಲಿಯವರು ಬಂದು ನಮ್ಮ ಕಾಫಿ ಲೋಟದ ದೀಪಗಳ ಫೋಟೋ ತೆಗೆದುಕೊಂಡು ಹೋದರು. ಆ ಅಷ್ಟಮಿಯಂದೇ ರಾಯರಿಗೆ ಶಾಲು ಹೊದಿಸುವುದೆಂದು ನಿರ್ಧಾರವಾದಾಗ ಅವರು ಕೆಳಗಿನ ಪೆಂಡಾಲಿನಲ್ಲಿ ದೇವಿಯ ಭೋಗದ, ಅಂದರೆ ನೈವೇದ್ಯದ, ಖಿಚುಡಿಯ ಸಾಲಿನಲ್ಲಿ ನಿಂತಿದ್ದರು.

ಲೋಕದಲ್ಲಿ ಧೈರ್ಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ‘ಏನೂ ಆಗುವುದಿಲ್ಲ, ಹೋಗಿ’ ಎಂದು ಬೆನ್ನು ತಟ್ಟುವುದಕ್ಕೆ ಖರ್ಚಿಲ್ಲ. ಏನಾದರೂ ಆದಾಗ ಆ ಕೈ ಅಲ್ಲಿರುವುದೂ ಇಲ್ಲ. ನರಹರಿರಾಯರಂಥವರಿಗೆ ಹಾಗೆ ಬೆನ್ನು ತಟ್ಟಲು ಬರುವುದಿಲ್ಲ. ಅವರು ತಂತಿಯನ್ನು ಅನುಮಾನಿಸುತ್ತಾರೆ, ಗುಂಡಿಯನ್ನು ಅನುಮಾನಿಸುತ್ತಾರೆ, ತಮ್ಮ ಕೈಗೆಲಸವನ್ನೇ ಎಲ್ಲಕ್ಕಿಂತ ಹೆಚ್ಚಾಗಿ ಅನುಮಾನಿಸುತ್ತಾರೆ. ಜೊತೆಗಿರುವವರಿಗೆ ಸ್ವಲ್ಪ ಕಿರಿಕಿರಿ, ಹತ್ತಿರದವರಿಗೆ ತುಂಬ ಕಿರಿಕಿರಿ. ಆದರೆ ಒಬ್ಬ ಮನುಷ್ಯ ಇನ್ನೊಬ್ಬರ ಪಾಲಿನ ಅನುಮಾನವನ್ನೆಲ್ಲ ತಾನೇ ಹೊತ್ತು ಮುಗಿಸಿದ ಮೇಲೆ, ಆ ಇನ್ನೊಬ್ಬರಿಗೆ ಉಳಿಯುವುದು ಬರೀ ನಂಬಿಕೆ. ಕೇಳದ ಹಾಡಿಗೆ ತಾಳ ಹಾಕುವಷ್ಟು ನಂಬಿಕೆ. ಪ್ರೀತಿಯೆಂದು ಇದಕ್ಕೆ ಅವರು ಹೆಸರಿಡುವುದಿಲ್ಲ, ನಾನು ಇಡುತ್ತೇನೆ.